ಹೆಪ್ಪಿಲ್ಲದೆ ಮೊಸರು

ರಸ್ಟ್ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರನ್ನು ಬರೆದಿರುವುದೂ ರಸ್ಟ್‌ನಲ್ಲೇ. 1.74ನೇ ಆವೃತ್ತಿ ಕಟ್ಟಲು 1.73 ಬೇಕು, ಅದಕ್ಕೆ 1.72. ಮೊಸರು ಮಾಡಲು ಮೊಸರಿನದೇ ಹೆಪ್ಪು ಬೇಕಾದ ಹಾಗೆ. ಈ ಸಾಲಿನ ಮೊತ್ತಮೊದಲ ಕಂಪೈಲರ್ ಒಕ್ಯಾಮಲ್ ಭಾಷೆಯಲ್ಲಿತ್ತು. 2011ರಲ್ಲಿ ರಸ್ಟ್ ತನ್ನನ್ನು ತಾನೇ ಕಂಪೈಲ್ ಮಾಡಿಕೊಂಡಿತು.

ಸಿದ್ಧ ಬೈನರಿಯನ್ನು ಡೌನ್‌ಲೋಡ್ ಮಾಡಿಕೊಂಡರೆ ಸಾಲದೇ ಎನ್ನಬಹುದು. ನನ್ನ ಉತ್ತರ: 1984ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕೊಟ್ಟ ಎಚ್ಚರಿಕೆ. ಕಂಪೈಲರಿನ ಬೈನರಿಯೊಳಗೆ ಕಳ್ಳಬಾಗಿಲೊಂದು ಸೇರಿಕೊಂಡರೆ, ಮೂಲ ಕೋಡ್ ಎಷ್ಟೇ ಚೊಕ್ಕವಾಗಿದ್ದರೂ ಅದು ಮುಂದಿನ ಆವೃತ್ತಿಗಳಿಗೆಲ್ಲ ದಾಟಬಲ್ಲದು.

ಅದಕ್ಕೇ ನಾನು ಎಂರಸ್ಟ್‌ಸಿ ಹಿಡಿದೆ. ಇದು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಬೇರೆಯದೇ ಕಂಪೈಲರ್. ರಸ್ಟ್ ಕೋಡನ್ನು ಸಿ ಭಾಷೆಗೆ ಇಳಿಸುತ್ತದೆ, ಉಳಿದದ್ದು ಜಿಸಿಸಿ ಎಂಬ ಸಿ ಕಂಪೈಲರಿನ ಪಾಲು. ಹುಟ್ಟಿದ ಸಿ ಕಡತ ತೆರೆದು ನೋಡಿದರೆ ಮಾರುದ್ದದ ಹೆಸರುಗಳು, ಕಣ್ಣು ಹಾಯಿಸಿದಲ್ಲೆಲ್ಲ ಗೋಟೂ! ಮನುಷ್ಯರು ಓದಲೆಂದು ಬರೆದದ್ದಲ್ಲ.

ರಸ್ಟ್‌ನ ಹೆಗ್ಗಳಿಕೆಯಾದ, ಮೆಮೊರಿ ಬಳಕೆಯ ತಪ್ಪು ಹಿಡಿಯುವ ಬಾರೋ ಚೆಕಿಂಗ್ ಎಂಬ ತಪಾಸಣೆ ಎಂರಸ್ಟ್‌ಸಿಯಲ್ಲಿಲ್ಲ. ಕೊಟ್ಟ ಕೋಡ್ ಸರಿಯಿದೆ ಎಂದೇ ನಂಬುತ್ತದೆ. ಅದರಿಂದ ತೊಂದರೆಯೇನಿಲ್ಲ. ಎಂರಸ್ಟ್‌ಸಿಯಿಂದ ಹೀಗೆ ಹುಟ್ಟಿದ ರಸ್ಟ್ 1.74ರಿಂದಲೇ 1.74ನ್ನು ಮತ್ತೆ ಕಟ್ಟಿದರೆ ಆ ತಪಾಸಣೆಯೂ ಆಗುತ್ತದೆ. ಮುಂದಿನ ಆವೃತ್ತಿಗಳನ್ನು ಒಂದೊಂದಾಗಿ ಏರಬಹುದು. ಗ್ನೂ ಗೀಕ್ಸ್ ಎಂಬ ಲಿನಕ್ಸ್ ವಿತರಣೆಯ ತಂಡ ತನ್ನ ರಸ್ಟ್ ಕಟ್ಟುವುದೂ ಇದೇ ದಾರಿಯಲ್ಲಿ.