ಬೋಧನೆಯ ಗುರಿ ಪ್ರೀತಿ

ಎಫೆಸದಲ್ಲಿ ಉಳಿದು ಅನ್ಯಬೋಧನೆಯನ್ನು ತಡೆಯುವ ಹೊಣೆ ತಿಮೊಥೇಯನದಾಗಿತ್ತು. ಅಲ್ಲಿ ಕೆಲವರು ಕಟ್ಟುಕಥೆಗಳಲ್ಲಿಯೂ ಕೊನೆಯಿಲ್ಲದ ವಂಶಾವಳಿಗಳಲ್ಲಿಯೂ ಮುಳುಗಿ, ಧರ್ಮಶಾಸ್ತ್ರದ ಉಪದೇಶಕರೆನಿಸಿಕೊಳ್ಳಲು ಹಂಬಲಿಸುತ್ತಿದ್ದರು. ಅವರ ವಾದಗಳನ್ನು ಒಂದೊಂದಾಗಿ ಖಂಡಿಸುವುದಕ್ಕೆ ಮೊದಲೇ ಪತ್ರವು ಬೋಧನೆಯ ಗುರಿಯನ್ನು ತಿಳಿಸುತ್ತದೆ (1 ತಿಮೊಥೇಯ 1:5). ಆ ಗುರಿ ಪ್ರೀತಿ. ಅದು ಶುದ್ಧ ಹೃದಯ, ಒಳ್ಳೆಯ ಮನಸ್ಸಾಕ್ಷಿ, ನಿಷ್ಕಪಟ ವಿಶ್ವಾಸ ಎಂಬ ಮೂರು ಮೂಲಗಳಿಂದ ಹೊರಡುತ್ತದೆ. ಈ ಮೂರರಿಂದ ದೂರ ಸರಿದವರು ಬರಿಯ ಮಾತಿನ ಪಾಲಾದರೆಂದು ಮುಂದಿನ ವಾಕ್ಯವು ಎಚ್ಚರಿಸುತ್ತದೆ. ದೈವಶಾಸ್ತ್ರವನ್ನು ಕಲಿಯುವ, ಕಲಿಸುವ ನಮಗೆ ಈ ಎಚ್ಚರಿಕೆ ನೇರವಾಗಿ ತಟ್ಟಬೇಕು.

ಪವಿತ್ರ ಗ್ರಂಥದಲ್ಲಿ ಹೃದಯವೆಂದರೆ ಭಾವನೆಗಳ ನೆಲೆ ಮಾತ್ರವಲ್ಲ. ಮನುಷ್ಯನು ಆಲೋಚಿಸಿ ನಿರ್ಧರಿಸುವ ಅಂತರಂಗವೂ ಅದೇ. ಆದುದರಿಂದ ಹೃದಯದ ಶುದ್ಧತೆಯೆಂದರೆ ಅದು ದೇವರತ್ತ ಅವಿಭಕ್ತವಾಗಿ ತಿರುಗಿರುವುದು. 51ನೆಯ ಕೀರ್ತನೆಯಲ್ಲಿ ಪಶ್ಚಾತ್ತಾಪಿಯು ಇಂತಹ ಹೃದಯವನ್ನು ದೇವರೇ ಸೃಷ್ಟಿಸಬೇಕೆಂದು ಬೇಡುತ್ತಾನೆ. ಅದು ನಮ್ಮ ಸಾಧನೆಯ ಫಲವಲ್ಲ, ವರದಾನ.

ಮನಸ್ಸಾಕ್ಷಿಗೆ ಗ್ರೀಕಿನಲ್ಲಿ ‘ಸುನೈದೆಸಿಸ್’ ಎಂಬ ಪದವಿದೆ. ‘ಜೊತೆಗೂಡಿ ಅರಿಯುವುದು’ ಎಂಬುದು ಅದರ ಮೂಲಾರ್ಥ. ಕನ್ನಡದ ಪದದಲ್ಲಿಯೇ ಸಾಕ್ಷಿಯಿದ್ದಾನೆ. ಸಾಕ್ಷಿಯು ಸತ್ಯವನ್ನು ನಿರ್ಮಿಸುವವನಲ್ಲ, ಅದನ್ನು ಕಂಡು ನುಡಿಯುವವನು. ‘ನನ್ನ ಮನಸ್ಸಾಕ್ಷಿ ಒಪ್ಪಿತು’ ಎಂದ ಮಾತ್ರಕ್ಕೆ ಕೃತ್ಯವು ಸರಿಯಾಗದು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನದ 16ನೆಯ ಪರಿಚ್ಛೇದದಲ್ಲಿ ಎರಡು ಅಂಶಗಳನ್ನು ಒಟ್ಟಿಗೆ ಹಿಡಿದಿದೆ: ತಡೆಯಲಾಗದ ಅಜ್ಞಾನದಿಂದ ತಪ್ಪಿದ ಮನಸ್ಸಾಕ್ಷಿ ತನ್ನ ಘನತೆಯನ್ನು ಕಳೆದುಕೊಳ್ಳದು, ಆದರೆ ಸತ್ಯವನ್ನು ಅರಸುವ ಗೋಜಿಗೇ ಹೋಗದವನಿಗೆ ಈ ಮಾತು ಸಲ್ಲದು.

‘ನಿಷ್ಕಪಟ’ ಎಂದು ನಾವು ಅನುವಾದಿಸುವ ‘ಅನುಪೊಕ್ರಿತೋಸ್’ ಪದದ ಹಿಂದೆ ರಂಗದ ನಟನಿದ್ದಾನೆ. ನಿಷ್ಕಪಟ ವಿಶ್ವಾಸಿ ವೇಷ ತೊಡದವನು. ಪೀಠದ ಬಳಿ ಒಂದು ಮುಖ, ಮನೆಯಲ್ಲಿ ಇನ್ನೊಂದು ಮುಖ ಅವನಿಗಿಲ್ಲ. ಅವನಲ್ಲಿ ಸಂದೇಹ ಮೂಡಬಹುದು, ದೌರ್ಬಲ್ಯವೂ ಇರಬಹುದು. ನಟನೆ ಮಾತ್ರ ಇರದು.

ಈ ಮೂರೂ ಒಂದಾಗುವುದನ್ನು ಕೊರಿಂಥದಲ್ಲಿ ಕಾಣುತ್ತೇವೆ (1 ಕೊರಿಂಥ 8). ವಿಗ್ರಹಕ್ಕೆ ಅರ್ಪಿಸಿದ ಮಾಂಸವನ್ನು ತಿನ್ನಬಹುದೇ? ವಿಗ್ರಹವು ಏನೂ ಅಲ್ಲವೆಂಬ ‘ಬಲ್ಲವರ’ ಸಿದ್ಧಾಂತವನ್ನು ಸಂತ ಪೌಲನು ಒಪ್ಪುತ್ತಾನೆ. ಆದರೂ ಅವರನ್ನು ನೋಡಿ, ತನಗೆ ತಪ್ಪೆನಿಸಿದುದನ್ನು ತಿನ್ನುವ ದುರ್ಬಲ ಸೋದರನ ಮನಸ್ಸಾಕ್ಷಿ ಕಲುಷಿತಗೊಳ್ಳುತ್ತದೆ. ಪೌಲನು ಆ ಸೋದರನಿಗೆ ಮನಸ್ಸಾಕ್ಷಿಯನ್ನು ತುಳಿದು ನಡೆಯೆಂದು ಹೇಳುವುದಿಲ್ಲ; ಅವನ ಸಲುವಾಗಿ ತಾನೇ ಮಾಂಸವನ್ನು ತೊರೆಯಲು ಸಿದ್ಧನಾಗುತ್ತಾನೆ. ಸರಿಯಾದ ಜ್ಞಾನಕ್ಕೂ ಪ್ರೀತಿಯೇ ಮಿತಿಯನ್ನು ಹಾಕುತ್ತದೆ.

ನೆರೆಮನೆಯವರು ಹಬ್ಬದ ಪ್ರಸಾದವನ್ನು ತಂದುಕೊಟ್ಟಾಗ ಏನು ಮಾಡಬೇಕೆಂದು ನಮ್ಮ ಧರ್ಮಕೇಂದ್ರಗಳಲ್ಲಿ ಕೇಳುವವರಿದ್ದಾರೆ. ‘ಹೌದು’ ಅಥವಾ ‘ಇಲ್ಲ’ ಎಂದಷ್ಟೇ ಹೇಳಿ ಕಳುಹಿಸಿದರೆ ಪ್ರಶ್ನೆ ಮುಗಿಯುತ್ತದೆ, ಮನಸ್ಸಾಕ್ಷಿ ಬೆಳೆಯುವುದಿಲ್ಲ. ಈ ಸ್ವೀಕಾರವು ನನ್ನ ಪಾಲಿಗೆ ಆರಾಧನೆಯೋ ನೆರೆಹೊರೆಯ ಸೌಜನ್ಯವೋ? ನನ್ನ ವಿಶ್ವಾಸವನ್ನು ಮರೆಮಾಚುತ್ತಿದ್ದೇನೆಯೇ? ಇದನ್ನು ನೋಡುವ ಸೋದರನು ಎಡವುವನೇ? ಕೊಟ್ಟವರನ್ನು ಅವಮಾನಿಸದೆ ನಡೆದುಕೊಳ್ಳುವ ಬಗೆ ಯಾವುದು? ಈ ಪ್ರಶ್ನೆಗಳನ್ನು ಅವರೊಡನೆ ಕುಳಿತು ವಿವೇಚಿಸುವುದೇ ಗುರುಸೇವೆ. ಪಾಪನಿವೇದನೆಯ ಸಂಸ್ಕಾರದಲ್ಲಿಯೂ ನಾವು ಮನಸ್ಸಾಕ್ಷಿಯನ್ನು ರೂಪಿಸಬೇಕಾದವರು. ಅದರ ಸ್ಥಾನವನ್ನು ಆಕ್ರಮಿಸತಕ್ಕವರಲ್ಲ.

ಮನಸ್ಸಾಕ್ಷಿಯನ್ನು ತಳ್ಳಿಬಿಟ್ಟ ಕೆಲವರ ವಿಶ್ವಾಸದ ಹಡಗು ಒಡೆದುಹೋಯಿತೆಂದು ಅದೇ ಪತ್ರ ಹೇಳುತ್ತದೆ (1:19). ಇಲ್ಲಿನ ಕ್ರಮ ಗಮನಾರ್ಹ. ಸಿದ್ಧಾಂತವು ಕೆಡುವ ಮೊದಲೇ ಅಂತರಂಗವು ಕೆಟ್ಟಿರಬಹುದು. ಆದುದರಿಂದಲೇ ಸೇವಾದರ್ಶಿಗಳು ವಿಶ್ವಾಸದ ರಹಸ್ಯವನ್ನು ಶುದ್ಧ ಮನಸ್ಸಾಕ್ಷಿಯಲ್ಲಿ ಹಿಡಿದಿರಬೇಕೆಂದು ಪತ್ರವು ವಿಧಿಸುತ್ತದೆ (3:9). ದೀಕ್ಷೆಗೆ ಸಿದ್ಧರಾಗುತ್ತಿರುವವರು ಪರೀಕ್ಷೆಯ ಉತ್ತರಗಳ ಜೊತೆಗೆ ಈ ಪಾತ್ರೆಯನ್ನೂ ದಿನದಿನವೂ ಪರಿಶೀಲಿಸಿಕೊಳ್ಳಲಿ.