ಬಾಳೆಗೆ ಗಡ್ಡೆ ಕೊಳೆ ರೋಗ: ಗುರುತಿಸುವುದು ಹೇಗೆ? ಸಣ್ಣ ರೈತರು ಏನು ಮಾಡಬಹುದು?

ನೆಟ್ಟು ಮೂರ್ನಾಲ್ಕು ತಿಂಗಳಾದ ಬಾಳೆ ಗಿಡ ಇದ್ದಕ್ಕಿದ್ದಂತೆ ಬಾಡುತ್ತದೆ. ದಿಂಡು ಹಿಡಿದು ಎಳೆದರೆ ಬುಡದಲ್ಲೇ ಮುರಿದು ಕೈಗೆ ಬರುತ್ತದೆ. ಮಣ್ಣಿನಲ್ಲಿ ಉಳಿದ ಗಡ್ಡೆ ಕೊಳೆತು ನಾರುತ್ತಿರುತ್ತದೆ. ಇದೇ ಬ್ಯಾಕ್ಟೀರಿಯಾದಿಂದ ಬರುವ ಗಡ್ಡೆ ಕೊಳೆ ರೋಗ. ಚಾಮರಾಜನಗರ, ಮೈಸೂರು ಭಾಗದಲ್ಲಿ ಅರ್ಧ ಎಕರೆ, ಒಂದು ಎಕರೆಯಲ್ಲಿ ಬಾಳೆ ಬೆಳೆಯುವವರಿಗೆ ಒಂದು ಗಿಡ ಹೋದರೆ ಒಂದು ಗೊನೆಯೇ ಹೋದಂತೆ.

ಪನಾಮಾ ರೋಗವೇ ಬೇರೆ

ನಂಜನಗೂಡು ರಸಬಾಳೆಯನ್ನು ಅಳಿವಿನಂಚಿಗೆ ತಂದ ಪನಾಮಾ ಸೊರಗು ರೋಗ ಶಿಲೀಂಧ್ರದಿಂದ ಬರುವಂಥದ್ದು. ಅದರಲ್ಲಿ ಮೊದಲು ಕೆಳಗಿನ ಎಲೆಗಳು ಹಳದಿಯಾಗುತ್ತವೆ, ದಿಂಡು ಕೊಯ್ದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆಗಳು ಕಾಣುತ್ತವೆ. ಎರಡನ್ನೂ ಒಂದೇ ಎಂದುಕೊಂಡು ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಸುರಿದರೆ ದುಡ್ಡು ಹೋಗುತ್ತದೆಯೇ ಹೊರತು ಗಡ್ಡೆ ಕೊಳೆ ನಿಲ್ಲುವುದಿಲ್ಲ.

ನಿಂತ ನೀರೇ ಶತ್ರು

ಬಿಸಿಲು ಜೋರಾಗಿದ್ದು, ಬುಡದಲ್ಲಿ ನೀರು ನಿಂತರೆ ರೋಗ ಬೇಗ ಹರಡುತ್ತದೆ. ಅಂಗಾಂಶ ಕೃಷಿಯ ಜಿ-9 ಎಳೆ ಗಿಡಗಳಿಗೆ ಅಪಾಯ ಹೆಚ್ಚು. ಹೀಗಾಗಿ ಮೊದಲ ಕೆಲಸ ಬಸಿಗಾಲುವೆ ತೆಗೆಯುವುದು. ರೋಗ ಬಂದ ತೋಟದ ಕಂದನ್ನು ನಾಟಿಗೆ ತರಬಾರದು. ಸತ್ತ ಗಿಡವನ್ನು ಗಡ್ಡೆ ಸಮೇತ ಕಿತ್ತು ತೋಟದಿಂದ ಹೊರಗೆ ಹಾಕಿ ನಾಶಪಡಿಸಬೇಕು. ಅಕ್ಕಪಕ್ಕದ ಗಿಡಗಳ ಬುಡಕ್ಕೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಸುರಿಯಬಹುದು. ಆದರೆ ಕೊಳೆತ ಗಡ್ಡೆಯನ್ನು ಯಾವ ಔಷಧವೂ ಉಳಿಸದು.

ಸ್ಟ್ರೆಪ್ಟೊಸೈಕ್ಲಿನ್ ಬೇಕೇ?

ಅಂಗಡಿಯವರು ಇದರ ಜತೆಗೆ ಸ್ಟ್ರೆಪ್ಟೊಸೈಕ್ಲಿನ್ ಕೊಡುವುದು ರೂಢಿ. ಇದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಇರುವ ಆ್ಯಂಟಿಬಯೋಟಿಕ್. ಸ್ಟ್ರೆಪ್ಟೊಮೈಸಿನ್ ಮನುಷ್ಯರ ಕ್ಷಯರೋಗಕ್ಕೂ ಬಳಸುವ ಔಷಧ. ಹೊಲದಲ್ಲಿ ಅತಿಯಾಗಿ ಬಳಸಿದರೆ ಬ್ಯಾಕ್ಟೀರಿಯಾಗಳು ಅದಕ್ಕೆ ಜಗ್ಗದಂತಾಗುತ್ತವೆ. ಈ ಕಾರಣಕ್ಕೇ ಕೃಷಿಯಲ್ಲಿ ಇವುಗಳ ಬಳಕೆಯನ್ನು 2024ರಿಂದ ಪೂರ್ತಿ ನಿಲ್ಲಿಸಲು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು.

ಉಗಾಂಡಾ ಕಲಿಸಿದ ಪಾಠ

ಉಗಾಂಡಾದಲ್ಲಿ 2001ರಲ್ಲಿ ಕಾಣಿಸಿಕೊಂಡ ಕ್ಸಾಂಥೊಮೊನಾಸ್ ಸೊರಗು ಬೇರೆಯದೇ ಬ್ಯಾಕ್ಟೀರಿಯಾದ ರೋಗ. ಅದಕ್ಕೂ ಔಷಧವಿಲ್ಲ. ಅಲ್ಲಿನ ಸಣ್ಣ ರೈತರಿಗೆ ನೆರವಾದದ್ದು ಸರಳ ಉಪಾಯಗಳು: ಗೊನೆಯ ತುದಿಯ ಹೂವನ್ನು ಕತ್ತಿ ತಾಗಿಸದೆ ಕವಲು ಕೋಲಿನಿಂದ ಮುರಿಯುವುದು, ಕುಡುಗೋಲನ್ನು ಬೆಂಕಿಗೆ ಹಿಡಿದು ಅಥವಾ ಬ್ಲೀಚಿಂಗ್ ದ್ರಾವಣದಲ್ಲಿ ಅದ್ದಿ ಬಳಸುವುದು, ರೋಗ ಕಂಡ ಗಿಡವನ್ನು ತಕ್ಷಣ ಕಡಿಯುವುದು.

ಕುಡುಗೋಲಿನ ಪಾಠ ನಮ್ಮ ತೋಟಗಳಿಗೂ ಸಲ್ಲುತ್ತದೆ. ಒಂದು ಗಿಡ ಬಾಡಿದರೂ ತಡಮಾಡದೆ ಬುಡ ಅಗೆದು ನೋಡಿ, ಗಡ್ಡೆಯ ಫೋಟೊ ತೆಗೆದು ಹತ್ತಿರದ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ. ಔಷಧ ಖರೀದಿ ಆಮೇಲಿನ ಮಾತು.