ಆಯುಧದ ಲಕ್ಷಣ

'ಆಯುಧ' ಶಬ್ದವು ಸೆಣಸುವುದೆಂಬ ಅರ್ಥವುಳ್ಳ 'ಯುಧ್' ಧಾತುವಿನಿಂದ ಬಂದುದು. ಆದರೆ ನಮ್ಮವರು ಆಯುಧಪೂಜೆಯ ದಿನ ಉಳಿ, ನೇಗಿಲು, ತಕ್ಕಡಿಗಳಿಗೂ ಕುಂಕುಮವಿಡುವರು. ಮರಾಠಿಯ 'ಹತ್ಯಾರ' ಶಬ್ದವೂ ಬಡಗಿಯ ಉಪಕರಣಕ್ಕೂ ಕೊಲೆಗಡುಕನ ಕತ್ತಿಗೂ ಸಮಾನವಾಗಿ ಸಲ್ಲುತ್ತದೆ. ಭಾಷೆ ಬಿಡಿಸದ ಈ ಗಂಟನ್ನು ಶಾಸನವು ಬಿಡಿಸಬೇಕಾಗಿದೆ.

1959ರ ಶಸ್ತ್ರಾಸ್ತ್ರ ಅಧಿನಿಯಮವು ನಿರ್ಮಾಣದ ಉದ್ದೇಶವನ್ನು ನೋಡುತ್ತದೆ: ಆಕ್ರಮಣಕ್ಕಾಗಲಿ ರಕ್ಷಣೆಗಾಗಲಿ ರೂಪಿಸಿದ ಅಥವಾ ಮಾರ್ಪಡಿಸಿದ ವಸ್ತು ಶಸ್ತ್ರ, ಕೇವಲ ಗೃಹಕೃತ್ಯಕ್ಕೋ ಬೇಸಾಯಕ್ಕೋ ಮಾಡಿದುದು, ಲಾಠಿ ಊರುಗೋಲುಗಳು ಸಹ, ಶಸ್ತ್ರವಲ್ಲ. ಈಗ ಮಹಾರಾಷ್ಟ್ರದ ಹೆಸರು ಹೊತ್ತಿರುವ 1951ರ ಮುಂಬಯಿ ಪೊಲೀಸ್ ಅಧಿನಿಯಮದ 37ನೆಯ ಕಲಮು ಬೇರೆ ದಾರಿ ಹಿಡಿದಿದೆ. ಅದರನ್ವಯ, ಶಾಂತಿಪಾಲನೆಗಾಗಿ ಪೊಲೀಸ್ ಕಮಿಷನರರು ಚೂರಿ, ಕೋಲು, ಲಾಠಿಗಳನ್ನಷ್ಟೇ ಅಲ್ಲದೆ ದೈಹಿಕ ಹಿಂಸೆಗೆ ಬಳಸಬಹುದಾದ ಯಾವ ವಸ್ತುವನ್ನೂ ಒಯ್ಯದಂತೆ ನಿಷೇಧಿಸಬಲ್ಲರು. ಇಲ್ಲಿ ಸಾಮರ್ಥ್ಯವೇ ಲಕ್ಷಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 118ನೆಯ ಕಲಮಾದರೋ, ಗಾಯಗೊಳಿಸಿದ ಉಪಕರಣದ ಬಳಕೆಯನ್ನು ವಿಚಾರಿಸುತ್ತದೆ: ಆಯುಧವಾಗಿ ಬಳಸಿದರೆ ಅದು ಸಾವನ್ನು ತರಬಲ್ಲುದೇ?

ಎಳನೀರು ಕೊಚ್ಚುವ ಮಚ್ಚನ್ನು ಜುಹೂ ಕಡಲತೀರದಿಂದ ರಾತ್ರಿ ಮನೆಗೊಯ್ಯುವ ಬಡ ವ್ಯಾಪಾರಿಯನ್ನು ನೆನೆಯಿರಿ. ಮೊದಲನೆಯ ಅಳತೆಗೆ ಅವನು ನಿರ್ದೋಷಿ. ನಿಷೇಧಾಜ್ಞೆಯಿರುವ ದಿನ ಎರಡನೆಯದಕ್ಕೆ ಅಪರಾಧಿಯಾಗಬಹುದು. ಮಚ್ಚು ಮಾತ್ರ ಅದೇ. ಸಾಮರ್ಥ್ಯವೊಂದನ್ನೇ ನೆಚ್ಚಿದರೆ ಒನಕೆಯೂ ಆಯುಧವೇ. ಚಿತ್ರದುರ್ಗದ ಓಬವ್ವನ ಕೈಯಲ್ಲಿ ಅದು ಹಾಗಾಯಿತೆಂಬ ಐತಿಹ್ಯವು ಸರ್ವವಿದಿತ. ಆದುದರಿಂದ ವಸ್ತುವಿನ ರೂಪದೊಡನೆ ಸ್ಥಳ, ಕಾಲ, ಹಿಡಿದವನ ಉದ್ದೇಶಗಳನ್ನೂ ತೂಗಿ ನೋಡುವುದೇ ನ್ಯಾಯ. ಇಲ್ಲವಾದರೆ ಶಾಸನದ ಅಲಗು ಗೂಂಡಾನಿಗಿಂತ ಮೊದಲು, ಉಪಕರಣವನ್ನೇ ನಂಬಿ ಅನ್ನ ಕಾಣುವ ಕೆಲಸಗಾರನಿಗೆ ತಗಲೀತು.